ಸೋಮವಾರದ ಗೆರೆ

ತೇಜುಗೆ ಆರು ವರ್ಷವಾಗಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ: "ಇವತ್ತಿಗೆ ಸೂಜಿ ಮುಗೀತು ನೋಡು. ಇನ್ನ ಮ್ಯಾಲ ನಾ ನಿನಗ ಯಾವತ್ತೂ ಸೂಜಿ ಚುಚ್ಚೂದಿಲ್ಲ."

ಆ ಮಾತು ಕೊಟ್ಟದ್ದು ಬೆಟಗೇರಿಯ ನಮ್ಮ ಮನೆಯ ಮಗ್ಗದ ಕುಣಿಯೊಳಗೆ ಕೂತು. ಮಾವನವರ ಕಾಲಕ್ಕೇ ಮಗ್ಗ ನಿಂತುಹೋಗಿತ್ತು. ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ಪಡಸಾಲೆಯ ಮೂಲೆಯಲ್ಲಿ ಹಾಗೇ ಉಳಿದಿತ್ತು. ತೇಜುಗೆ ನಾಲ್ಕನೇ ವರ್ಷಕ್ಕೆ ಸಕ್ಕರೆ ಕಾಯಿಲೆ ಬಂತು. ದೊಡ್ಡವರಿಗೆ ಬರುವಂಥದ್ದಲ್ಲ; ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿಬಿಡುವಂಥದ್ದು. ದಿನಕ್ಕೆ ನಾಲ್ಕು ಸೂಜಿ. ಇನ್ಸುಲಿನ್ ಇಡುತ್ತಿದ್ದ ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿದರೆ ಸಾಕು, ಕೂಸು ಓಡಿಹೋಗಿ ಕುಣಿಗಿಳಿದು ತಲೆಯ ಮೇಲೆ ಕೌದಿ ಎಳೆದುಕೊಂಡುಬಿಡುತ್ತಿತ್ತು. ಅತ್ತೆ ಕೈ ಹಿಡಿಯುತ್ತಿದ್ದರು, ನಾನು ಚುಚ್ಚುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಕೊನೆಕೊನೆಗೆ ಅವಳು ಅಳುವುದನ್ನೂ ಬಿಟ್ಟಿದ್ದಳು. ನನ್ನ ಕಡೆ ನೋಡುವುದನ್ನೂ ಬಿಟ್ಟಿದ್ದಳು.

ಆಮೇಲೆ ಬಿಲ್ಲೆ ಬಂತು.

ಹೊಟ್ಟೆಯ ಮೇಲೆ ಅಂಟಿಸುವ, ಅಂಗಿಯ ದೊಡ್ಡ ಗುಂಡಿಯಷ್ಟಿರುವ ಪಟ್ಟಿ ಅದು. ಕೆಳಗೆ ಕೂದಲಿಗಿಂತ ತೆಳುವಾದ ಎಳೆಗಳು. ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಐದು ನಿಮಿಷಕ್ಕೊಮ್ಮೆ ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಬಿಲ್ಲೆ ಮನೆಯ ಕಂಪ್ಯೂಟರಿಗೆ ಹೇಳುತ್ತದೆ; ಎಷ್ಟು ಇನ್ಸುಲಿನ್ ಬಿಡಬೇಕೆಂದು ಕಂಪ್ಯೂಟರು ಬಿಲ್ಲೆಗೆ ಹೇಳುತ್ತದೆ. ಕೂಸು ಶಾಲೆಯಲ್ಲಿದ್ದರೆ ಫೋನಿನ ಜಾಲದ ಮೂಲಕ. ದೂರದ ಯಾವುದೋ ದೊಡ್ಡ ಯಂತ್ರಕ್ಕೆ ಈ ಕೆಲಸ ಒಪ್ಪಿಸಿದರೆ ನೆಟ್‌ವರ್ಕ್ ಹೋದ ದಿನ ಮಕ್ಕಳ ಗತಿಯೇನು ಎಂದು ಯೋಚಿಸಿ, ಬಿಲ್ಲೆ ಹಂಚಿದ ಯೋಜನೆಯವರು ಲೆಕ್ಕವನ್ನೆಲ್ಲ ಮನೆಯ ಕಂಪ್ಯೂಟರಿಗೇ ಬಿಟ್ಟಿದ್ದರು. ಮಾವನವರ ಮಗ್ಗ ಇದ್ದ ಜಾಗದಲ್ಲಿ, ಕುಣಿಯ ಪಕ್ಕದ ಮೇಜಿನ ಮೇಲೆ, ನಮ್ಮ ಮಗಳ ಮೇದೋಜೀರಕ ಗ್ರಂಥಿ ಕೂತಿತ್ತು. ಅತ್ತೆ ಅದಕ್ಕೆ ದಿನಾ ಸಂಜೆ ಊದುಬತ್ತಿ ಬೆಳಗುತ್ತಿದ್ದರು.

ಕಂಪ್ಯೂಟರು ತೇಜುವನ್ನು ಕಲಿಯುತ್ತ ಹೋಯಿತು. ಖೋಖೋ ಆಡಿದರೆ ಎಷ್ಟು ಇಳಿಯುತ್ತದೆ, ಗಣಿತದ ಪರೀಕ್ಷೆಯ ದಿನ ಎಷ್ಟು ಏರುತ್ತದೆ, ಎಲ್ಲ. ಇನ್ನೊಂದು ಜಾಣತನವೂ ಇತ್ತು. ಕಟಗ ರೊಟ್ಟಿ, ಗಿರ್ಮಿಟ್ಟು, ಕಡಲೆಬೇಳೆ ಹೋಳಿಗೆ ತಿಂದರೆ ಸಕ್ಕರೆ ಹೇಗೆ ಏರುತ್ತದೆಂದು ಯಾವ ದೊಡ್ಡ ಪುಸ್ತಕದಲ್ಲೂ ಬರೆದಿರಲಿಲ್ಲ. ಅದಕ್ಕೇ ಜಿಲ್ಲೆಯ ಇನ್ನೂರಾ ಹನ್ನೆರಡು ಮನೆಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ್ದರು. ಒಂದು ಮನೆ ಕಲಿತದ್ದನ್ನು ಉಳಿದ ಮನೆಗಳಿಗೂ ಹೇಳಬೇಕು. ಹೊರಗಿನವರು ಒಳಗೆ ಬರದಂತೆ ಪ್ರತಿ ಮನೆಗೂ ಬೀಗ, ಬೀಗಕ್ಕೆ ತಾಯಿಯದೋ ತಂದೆಯದೋ ಹೆಬ್ಬೆರಳು. ಆದರೆ ಆ ಮನೆಗಳ ನಡುವೆ ಮಾತ್ರ ಮುಚ್ಚುವಂಥ ಬಾಗಿಲುಗಳೇ ಇರಲಿಲ್ಲ.

ಇಷ್ಟೆಲ್ಲ ನನಗೆ ಗೊತ್ತಿರುವುದು ನಾನು ಆ ಯೋಜನೆಯಲ್ಲೇ ಕೆಲಸ ಮಾಡುತ್ತಿರುವುದರಿಂದ. ಗದಗಿನ ಹಳೇ ಹತ್ತಿ ಗೋದಾಮಿನ ಮೇಲಿನ ಅಂತಸ್ತಿನಲ್ಲಿ ಒಂದು ಕೋಣೆ, ಗೋಡೆ ತುಂಬ ಪರದೆ, ಇನ್ನೂರಾ ಹನ್ನೆರಡು ಗೆರೆ. ಹೆಸರು ಉದ್ದದ್ದು, ಕರೆಯುವುದು ಸಕ್ರಿ ಖೋಲಿ ಎಂದು. ಮೂರು ಜನ ನಾವು: ಡಾಕ್ಟರ್ ಮುನವಳ್ಳಿ ಮೇಡಂ, ಕಂಪ್ಯೂಟರು ನೋಡಿಕೊಳ್ಳುವ ಇಮ್ತಿಯಾಜ್ ನದಾಫ್, ಗೆರೆಗಳನ್ನು ಕಾಯುವ ನಾನು.

*

ಬಿಲ್ಲೆ ಬಂದು ಆರು ವರ್ಷವಾಗಿತ್ತು. ಮಂಗಳವಾರ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ತೇಜುಗೆ ನೆಗಡಿಯಾಗಿ ಮೂಗು ಸೊರಸೊರ ಎನ್ನುತ್ತಿತ್ತು. ನನ್ನ ಗಂಡ ಗಾಳಿಯಂತ್ರದ ರಿಪೇರಿಗೆಂದು ವಾರದಿಂದ ಚಿತ್ರದುರ್ಗದ ಕಡೆ ಹೋಗಿದ್ದರು. ಪಡಸಾಲೆಯಿಂದ ಅತ್ತೆ ಕೂಗಿದರು.

"ಪ್ರಮೀ, ಮುಂಡರಗಿ ಈರಣ್ಣನ ಮಗಳ ಲಗ್ನಪತ್ರ ಬಂದೈತಿ. ಇದು ಕಾಗದದಾಗ ಬರವಲ್ದು ನೋಡು."

ನಮ್ಮ ಮನೆಯಲ್ಲಿ ಲಗ್ನಪತ್ರವೆಂದರೆ ಕೈಯಲ್ಲಿ ಹಿಡಿಯುವಂಥದ್ದಾಗಿರಬೇಕು. ನಾಲ್ಕು ಮೂಲೆಗೆ ಅರಿಷಿಣ-ಕುಂಕುಮ ಹಚ್ಚಿ, ದೇವರ ಜಗುಲಿಯ ಮೇಲಿಟ್ಟಾದ ಮೇಲೇ ಕರೆ ಬಂತೆಂದು ಲೆಕ್ಕ. ಎಲ್ಲರೂ ಫೋನಿಗೆ ಕಳಿಸುವುದು ಶುರುವಾದ ಮೇಲೂ ಅತ್ತೆ ಬಿಡಲಿಲ್ಲ. ಅದನ್ನು ಕಂಪ್ಯೂಟರಿಗೆ ಹಾಕಿ, ಪ್ರಿಂಟರಿನಲ್ಲಿ ತೆಗೆದು, ಆಮೇಲೆ ಕುಂಕುಮ. ಓಣಿಯ ಅರ್ಧ ಮನೆಗಳಲ್ಲಿ ಹೀಗೇ.

"ತಡೀರಿ ಅತ್ತಿ, ಹಂಚಿನ ಮ್ಯಾಲ ರೊಟ್ಟಿ ಐತಿ."

"ಏನೂ ಇಲ್ಲ ನಿಂದು ಹೆಬ್ಬೆಟ್ಟ ಬೇಕಂತ. ಒತ್ತಿ ಹೋಗು. ನಂದು ಒತ್ತಿದ್ರ ಒಲ್ಲೆ ಅಂತೈತಿ. ಅದಕ್ಕೂ ನಾ ಯಾರೋ ಅನಿಸೇನಿ."

ಒಲೆಯ ಉರಿ ಸಣ್ಣ ಮಾಡಿ ಹೋದೆ. ಪರದೆಯ ಮೇಲೆ ಗಣಪತಿ, ಕೆಳಗೆ ಬಂಗಾರದ ಅಕ್ಷರದಲ್ಲಿ ಹೆಸರುಗಳು. 'ಪತ್ರಿಕೆಯನ್ನು ಮುದ್ರಿಸಲು ಅನುಮತಿ ನೀಡಿ.' ಹಿಟ್ಟಿನ ಕೈ. ಸೆರಗಿಗೆ ಒರೆಸಿಕೊಂಡು ಹೆಬ್ಬೆರಳು ಒತ್ತಿದೆ. ಕಾಗದ ಬಂತು. ಅತ್ತೆ ಕುಂಕುಮ ಹಚ್ಚಿದರು. ರೊಟ್ಟಿ ಒಂದು ಕಡೆ ಕರಕಾಗಿತ್ತು. ಅದನ್ನು ನಾನೇ ತಿಂದೆ.

ಒಂದು ಹಾಳೆ ಮುದ್ರಿಸುವುದಕ್ಕೆ ಬೀಗದ ಹೆಬ್ಬೆರಳು ಯಾಕೆ ಬೇಕು ಎಂದು ನನಗೆ ಹೊಳೆಯಲಿಲ್ಲ. ದಿನವಿಡೀ ಇಂಥದನ್ನೇ ನೋಡುವವಳು ನಾನು.

*

ಗುರುವಾರ ತೇಜುವಿನ ನೆಗಡಿ ಜ್ವರಕ್ಕೆ ತಿರುಗಿತ್ತು. ಶಾಲೆ ಬೇಡ ಎಂದು ಮನೆಯಲ್ಲೇ ಮಲಗಿಸಿ ಕೆಲಸಕ್ಕೆ ಬಂದಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಡಬ್ಬಿ ಬಿಚ್ಚುವ ಮೊದಲು, ಎಂದಿನಂತೆ, ನಲವತ್ತೇಳನೇ ಗೆರೆ ನೋಡಿದೆ. ಅದು ತೇಜುವಿನದು. ಹಾಗೆ ನೋಡಬಾರದೆಂದು ನಿಯಮವಿದೆ, ಎಲ್ಲ ಮಕ್ಕಳೂ ಒಂದೇ. ನೋಡುತ್ತೇನೆ.

ಚೆಂದದ ಗೆರೆ. ಜ್ವರ ಬಂದ ಕೂಸಿನ ಸಕ್ಕರೆ ಕೋತಿಯ ಹಾಗೆ ಕುಣಿಯಬೇಕು. ಇದು ನೂರಾ ಹತ್ತು, ನೂರಾ ಹದಿನೆಂಟರ ನಡುವೆ ಸಪಾಟಾಗಿ ಸಾಗಿತ್ತು. ಹನ್ನೊಂದೂ ಇಪ್ಪತ್ತಕ್ಕೆ ಒಂದು ಸಣ್ಣ ಕುಳಿ. ಹನ್ನೆರಡೂವರೆಗೆ ಏರು, ಅದನ್ನು ಇಳಿಸಲು ಹನ್ನೆರಡೂ ನಲವತ್ತರಿಂದ ಬಿಲ್ಲೆ ಬಿಟ್ಟ ಇನ್ಸುಲಿನ್ನು, ಮೂರು ರೊಟ್ಟಿಯ ಊಟಕ್ಕಾಗುವಷ್ಟು.

ಆ ಕುಳಿ ನನಗೆ ಗೊತ್ತಿತ್ತು. ಅದು ಖೋಖೋ. ಸೋಮವಾರ ಹನ್ನೊಂದಕ್ಕೆ ಅವಳಿಗೆ ಪಿ.ಟಿ. ಪೀರಿಯಡ್ಡು.

ಇವತ್ತು ಗುರುವಾರ. ಕೂಸು ಹಾಸಿಗೆಯಲ್ಲಿದೆ.

"ನದಾಫ್," ಅಂದೆ. "ನಲವತ್ತೇಳರ ಸೋಮವಾರದ ಗೆರಿ ಇದರ ಮ್ಯಾಲ ಇಡು."

"ಯಾಕ್ರಿ ಅಕ್ಕಾ, ಮಗಳ ಗೆರಿಗೆ ದೃಷ್ಟಿ ತೆಗಿತೀರೇನು?" ಎಂದು ನಗುತ್ತಲೇ ಇಟ್ಟ. ನಗು ಅಲ್ಲೇ ನಿಂತಿತು. ಎರಡು ಗೆರೆಗಳು ಎಲ್ಲೂ ಕೂದಲಿನಷ್ಟೂ ಬೇರೆಯಾಗಲಿಲ್ಲ. ಪರದೆಯ ಮೇಲೆ ಒಂದೇ ಗೆರೆ ಉಳಿಯಿತು.

ಅವನು ಉಳಿದ ಮನೆಗಳದ್ದೂ ಇಡತೊಡಗಿದ. ನಾನು ಆಗಲೇ ಮನೆಗೆ ಫೋನು ಹಚ್ಚಿದ್ದೆ.

"ಅತ್ತಿ, ತೇಜು ಏನ್ ಮಾಡಾಕತ್ತಾಳ?"

"ಮಲಗ್ಯಾಳ. ಎಚ್ಚರಾ ಮಾಡಬ್ಯಾಡ, ಈಗರ ಕಣ್ಣ ಹತ್ತೈತಿ."

"ಊಟಾ?"

"ಒಂದ್ ನಾಕ್ ಚಮಚಾ ಗಂಜಿ ಕುಡದ್ಲು. ಒಲ್ಲೆ ಅಂದ್ಲು. ಇರ್ಲಿ ಬಿಡು, ಸ್ಕ್ರೀನಿನ್ಯಾಗ ನೂರಾ ಹದಿನೆಂಟ ಐತಿ, ಚೊಲೋನ ಐತಿ."

ನಾಲ್ಕು ಚಮಚ ಗಂಜಿ. ಮೂರು ರೊಟ್ಟಿಯ ಇನ್ಸುಲಿನ್ನು.

"ಅತ್ತಿ, ಸ್ಕ್ರೀನ್ ನೋಡಬ್ಯಾಡ್ರಿ. ಆಕಿ ಕುತ್ತಿಗಿ ಮುಟ್ಟಿ ನೋಡ್ರಿ."

"ಜ್ವರಾ ಇಳದಾವು. ಬೆವತಾಳ."

"ಬಿಸಿ ಬೆವರೋ, ತಣ್ಣಂದೋ?"

ಫೋನಿನಲ್ಲಿ ಬಳೆಯ ಸದ್ದು. ಆಮೇಲೆ ಅತ್ತೆಯ ದನಿ ಬದಲಾಗಿತ್ತು. "ತಣ್ಣಗ ಕೊರಿಯಾಕತ್ತೈತಿ ಪ್ರಮೀ. ಕೈ ನಡಗಾಕತ್ತಾವ."

"ಮೊದಲ ಹೊಟ್ಟಿ ಮ್ಯಾಲಿನ ಬಿಲ್ಲೆ ಕಿತ್ತ ಒಗೀರಿ."

"ಕೀಳಬಾರದಂತ ನೀನ—"

"ಕೀಳ್ರಿ! ಕಿತ್ರೇನು? ಈಗ ಎಬ್ಬಿಸಿ ಕುಂಡ್ರಸ್ರಿ. ಬೆಲ್ಲಾ ನೀರಾಗ ಕದಡಿ ಕುಡಸ್ರಿ. ನುಂಗತಾಳೇನು ನೋಡ್ರಿ. ನುಂಗಲಿಲ್ಲಂದ್ರ ಹಾಕಬ್ಯಾಡ್ರಿ, ವಸಡಿಗೆ ತಿಕ್ಕ್ರಿ."

ಅತ್ತೆಗೂ ಸಕ್ಕರೆ ಕಾಯಿಲೆ ಇದೆ, ದೊಡ್ಡವರಿಗೆ ಬರುವಂಥದ್ದು. ಬೆರಳು ಚುಚ್ಚಿ ನೋಡುವ ಹಳೇ ಮೀಟರನ್ನು ಅವರು ಎಲೆಅಡಿಕೆಯ ಚೀಲದಲ್ಲೇ ಇಟ್ಟುಕೊಂಡಿರುತ್ತಾರೆ. ಅದರಿಂದ ನೋಡಲು ಹೇಳಿದೆ.

"ನಾಕು... ಆರು. ನಲವತ್ತಾರು."

ಪರದೆಯ ಮೇಲೆ ನಲವತ್ತೇಳನೇ ಗೆರೆ ನೂರಾ ಹದಿನೆಂಟು ಅನ್ನುತ್ತಿತ್ತು. ಹಸಿರು ಬಣ್ಣದಲ್ಲಿ.

ಫೋನು ಕಿವಿಗೆ ಒತ್ತಿಕೊಂಡು ನಿಂತೆ. ಚಮಚ ಲೋಟಕ್ಕೆ ತಾಗುವ ಸದ್ದು, ಅತ್ತೆ 'ನುಂಗು, ನನ ಬಂಗಾರ, ನುಂಗು' ಎನ್ನುವುದು, ಒಮ್ಮೆ ಕೆಮ್ಮು. ಏಳು ನಿಮಿಷ. ಮೀಟರು ಐವತ್ತೆಂಟು ಅಂದಿತು. ಇನ್ನೊಂದು ಲೋಟ. ಎಪ್ಪತ್ತೊಂದು. ಆಮೇಲೆ ತೇಜುವಿನ ದನಿ, ಸಿಟ್ಟಿನದು:

"ಮಮ್ಮೀ, ಆಯಿ ನನ್ನ ಬಾಯಾಗ ಅರ್ಧಾ ಕೆಜಿ ಬೆಲ್ಲಾ ತುಂಬ್ಯಾಳ. ಬೆರಳಿಗೆ ಬ್ಯಾರೆ ಚುಚ್ಚ್ಯಾಳ. ನೀ ಹೇಳಿದ್ಯಾ?"

"ಹೂಂ, ನಾನ ಹೇಳ್ದೆ."

"ಬಾ ನೀ ಮನಿಗೆ."

"ಬರ್ತೀನಿ," ಅಂದೆ. ತಿರುಗಿ ನೋಡಿದರೆ ನದಾಫ್ ಗೋಡೆಯ ಮೇಲಿನ ಗೆರೆಗಳಿಗೆ ಒಂದೊಂದಾಗಿ ಕೆಂಪು ಗುರುತು ಹಾಕುತ್ತಿದ್ದ. ಒಂಬತ್ತು. ಹದಿನಾಲ್ಕು. ಇಪ್ಪತ್ತೆರಡು.

*

ಡಾಕ್ಟರ್ ಮುನವಳ್ಳಿ ಮೇಡಂ ಊಟದ ಕೈ ತೊಳೆಯದೇ ಬಂದಿದ್ದರು. "ಏನಾಗೇತಿ? ನನಗ ತಿಳಿಯೂಹಂಗ ಹೇಳಪಾ."

"ಮೂರ ಕಳ್ಳರು ಕೂಡಿ ಬಂದಾರ್ರಿ," ಅಂದ ನದಾಫ್. ಕೈ ಕೀಲಿಮಣೆಯ ಮೇಲೇ ಇತ್ತು. "ಒಂದನೇದಾಂವ ಟ್ರೋಜನ್. ಅಂವ ಬಾಗಲಾ ಮುರಿಯೂದಿಲ್ಲ. ಚೊಲೋ ಅರಿವಿ ಹಾಕ್ಕೊಂಡು, ಕೈಯಾಗ ಏನರ ಹಿಡಕೊಂಡು ಬರ್ತಾನ. ಮನಿಯವರ ಬರ್ರಿ ಅಂತ ಕರ್ಕೋತಾರ. ಒಳಗ ಬಂದು ಚೀಲಾ ಬಿಚ್ಚಿದ. ಅದರಾಗ ಒಂದು ವೈರಸ್. ವೈರಸ್ ಒಂದಾ ಬದುಕೂದಿಲ್ರಿ, ಉಣ್ಣಿ ಕುರಿ ಮೈಗೆ ಹತ್ತಿದಂಗ ಒಂದ್ ಫೈಲಿಗೆ ಹತ್ತಿಕೊಂಡಾ ಇರಬೇಕು. ಇದು ಕಂಪ್ಯೂಟರ್ ತಾ ಕಲ್ತದ್ದನ್ನ ಬರದಿಡೂ ಕಲಿಕಿ ಫೈಲಿಗೆ ಹತ್ತೇತಿ. ಲೆಕ್ಕಾ ಮಾಡಾಕ ಆ ಫೈಲ್ ತೆಗದಾಗೊಮ್ಮೆ ಇದೂ ಏಳತೈತಿ."

"ಮೂರನೇದು?"

"ವರ್ಮ್, ಅಂದ್ರ ಹುಳಾ. ಅದಕ್ಕ ಯಾರೂ ಕರಿಯೂದು ಬ್ಯಾಡ, ಒತ್ತೂದು ಬ್ಯಾಡ. ದಾರಿ ಇದ್ದಲ್ಲೆ ತಾನ ಹರಕೋಂತ ಹೋಗತೈತಿ. ನಮ್ಮ ಮನಿಗೋಳ ನಡುವ ಬಾಗಲಾನ ಇಲ್ಲ."

"ಮಕ್ಕಳನ್ನ ಕೊಲ್ಲೂದ್ರಿಂದ ಯಾರಿಗೇನು ಸಿಗತೈತೋ?"

"ಇದನ್ನ ಮಾಡಿದಾವಗ ಇಲ್ಲಿ ಮಕ್ಕಳದಾರಂತ ಗೊತ್ತಾ ಇಲ್ರಿ. ಯಾವ ದೇಶದಾಗೋ ಕುಂತಾನ. ತನ್ನ ಯಾವುದೋ ದೊಡ್ಡ ಲೆಕ್ಕಾ ಮಾಡಾಕ ಸಾವಿರ ಮಂದಿ ಕಂಪ್ಯೂಟರಿನ ಶಕ್ತಿ ಕದೀತಾನ. ಸಿಗಬೀಳಬಾರದಂತ ಒಂದ್ ಹೂಟಾ ಮಾಡ್ಯಾನ. 'ಹೆಂಗ ಐತಿ' ಅಂತ ಯಾರ ಕೇಳಿದ್ರೂ, ಹಿಂದಿಂದೊಂದು ಪೂರ್ತಿ ದಿನದ ದಾಖಲಿ ತೆಗದು ಅದನ್ನ ಉತ್ತರಾ ಕೊಡತೈತಿ. ನಮ್ಮ ಕಂಪ್ಯೂಟರಿನ್ಯಾಗ ಅದಕ್ಕ ಸಿಕ್ಕದ್ದು ಸೋಮವಾರ. ಬಿಲ್ಲೆ ಹೇಳೂದನ್ನ ಮುಚ್ಚಿ, ಇವತ್ತ ಮುಂಜಾನಿಂದ ಸೋಮವಾರದ ಸಕ್ರಿ ತೋರಸಾಕತ್ತೇತಿ. ಆ ಸಕ್ರಿಗೆ ಇನ್ಸುಲಿನ್ ಹೊಂಟೇತಿ."

ಬಿಲ್ಲೆಗೂ ಒಂದು ರಕ್ಷಣೆ ಇಟ್ಟಿದ್ದರು. ಇಪ್ಪತ್ತು ನಿಮಿಷ ಕಂಪ್ಯೂಟರಿನಿಂದ ಮಾತು ಬರದಿದ್ದರೆ ತಾನೇ ನಿಲ್ಲುತ್ತದೆ. ಮೌನಕ್ಕೆ ಹೆದರುವುದನ್ನು ಅದಕ್ಕೆ ಕಲಿಸಿದ್ದರು. ಸುಳ್ಳಿಗೆ ಹೆದರುವುದನ್ನು ಯಾರೂ ಕಲಿಸಿರಲಿಲ್ಲ.

"ಎಲ್ಲಿಂದ ಶುರು ಆತು?" ಮೇಡಂ ಕೇಳಿದರು.

ದಾಖಲೆಯ ಮೊದಲ ಸಾಲು ನದಾಫನ ಪರದೆಯ ಮೇಲಿತ್ತು, ಅದನ್ನು ಅವನು ಮೆಲ್ಲಗೆ ಮೇಲಕ್ಕೆ ಸರಿಸಿದ, ಕಾಣದಂತೆ. ನಾನು ಆಗಲೇ ಓದಿದ್ದೆ. ಮಂಗಳವಾರ, ಸಂಜೆ ಏಳೂ ಹನ್ನೆರಡು, ಮನೆ ನಲವತ್ತೇಳು.

"ನಮ್ಮ ಮನಿಯಿಂದ," ಅಂದೆ. "ಲಗ್ನಪತ್ರ ಅಂತ ಬಂತು. ಹೆಬ್ಬೆಟ್ಟು ನಾನ ಒತ್ತೇನಿ."

ಮೇಡಂ ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ಅದನ್ನ ನಾಳೆ ಬರಕೊಡು," ಅಂದರು. "ಈಗ ಏನ್ ಮಾಡೂದು ಹೇಳ್ರಿ. ಬಿಲ್ಲೆ ಕಂಪನಿಯವರು ಸಂಜಿ ಆರಕ್ಕ ಈ ಹುಳಕ್ಕ ಔಷಧಾ ಕಳಸ್ತೇವಿ ಅಂತಾರ. ಅಲ್ಲಿತನಾ ತಡಿಯೂದೋ, ಎಲ್ಲಾ ನಿಲ್ಲಸೂದೋ? ನಿಲ್ಲಿಸಿದ್ರ ಇನ್ನೂರ ಮಕ್ಕಳಿಗೆ ಸೂಜಿ ಬೇಕು. ಎಷ್ಟ ಮನ್ಯಾಗ ಸೂಜಿ ಉಳದಾವ?"

ಕೆಂಪು ಗುರುತು ನಲವತ್ತನ್ನು ದಾಟಿತ್ತು.

"ತಡದ್ರ ಸೂಜಿ ಚುಚ್ಚಾಕ ಮಕ್ಕಳು ಉಳೀಬೇಕಲ್ರಿ," ಅಂದೆ. ಇಷ್ಟು ಒರಟಾಗಿ ನಾನು ಅವರೆದುರು ಎಂದೂ ಮಾತಾಡಿದ್ದಿಲ್ಲ.

ಮೇಡಂ 'ಎಲ್ಲ ನಿಲ್ಲಿಸು' ಒತ್ತಿದರು.

ಉತ್ತರಗಳು ಬಂದವು. ಮೊದಲ ಕ್ಷಣಕ್ಕೇ ಅರವತ್ತಮೂರು ಮನೆಗಳು ಒಟ್ಟಿಗೆ 'ನಿಂತಿದೆ' ಅಂದವು. ಉಳಿದವು ತಡವರಿಸುತ್ತ, ಒಂದೊಂದಾಗಿ, ಎರಡು ನಿಮಿಷ, ಐದು ನಿಮಿಷ ತೆಗೆದುಕೊಂಡು ಹೇಳಿದವು. ಗಜೇಂದ್ರಗಡದ ಕಡೆ ಕರೆಂಟಿರಲಿಲ್ಲ, ಆ ಮನೆಗಳು ಕೊನೆಗೆ ಬಂದವು.

"ತಡಾ ಮಾಡ್ದವು ಖರೇ ನಿಂತಾವ್ರಿ," ಅಂದ ನದಾಫ್. "ಆ ಅರವತ್ತಮೂರು ಸುಳ್ಳ ಹೇಳ್ಯಾವ. ಖರೇ ಮನಿಗೋಳು ಹಂಗ ಒಂದಾ ಉಸುರಿಗೆ ಹೂಂ ಅನ್ನೂದಿಲ್ಲ."

ತಂತಿಯಲ್ಲಿ ಕಳಿಸಿದ್ದನ್ನೆಲ್ಲ ಹುಳು ನುಂಗುತ್ತದೆ. ಇನ್ನು ಉಳಿದದ್ದು ಮನುಷ್ಯರ ದನಿ. ಮೇಡಂ ಪಟ್ಟಿಯನ್ನು ಮೂರು ಪಾಲು ಮಾಡಿದರು. ತಲೆಗೆ ಇಪ್ಪತ್ತೊಂದು ಮನೆ. ಬೆಟಗೇರಿ ಮೂರೇ ಕಿಲೋಮೀಟರು, ಗಾಡಿಯಲ್ಲಿ ಹತ್ತು ನಿಮಿಷ. ನನ್ನ ಕೈಯಲ್ಲಿ ಗಾಡಿಯ ಕೀಲಿಯೂ ಇತ್ತು, ಪಟ್ಟಿಯೂ ಇತ್ತು.

ಅತ್ತೆಗೆ ಫೋನು ಹಚ್ಚಿ ಕೇಳಿದೆ. ತೊಂಬತ್ತಾರು. ಕೀಲಿಯನ್ನು ಮೇಜಿನ ಮೇಲಿಟ್ಟು ಮೊದಲ ಮನೆಗೆ ಹಚ್ಚಿದೆ.

*

"ನಮಸ್ಕಾರ್ರಿ, ಸಕ್ರಿ ಖೋಲಿಯಿಂದ ಪ್ರಮೀಳಾ ಮಾತಾಡಾಕತ್ತೀನಿ. ನಿಮ್ಮ ಹುಡುಗನ ಬಿಲ್ಲೆ ಈಗಿಂದೀಗ ಕೀಳಬೇಕು."

"ಯಾಕ್ರಿ? ನೂರಾ ಆರು ಐತಿ, ಹಸರೈತಿ."

"ಸ್ಕ್ರೀನ್ ಸುಳ್ಳ ಹೇಳಾಕತ್ತೇತ್ರಿ."

"ಏ ಹೋಗವಾ," ಅಂದ ನರಗುಂದದ ಆ ತಂದೆ. "ಫೋನಿನ್ಯಾಗ ಅವಸರಾ ಮಾಡಸೋರೆಲ್ಲಾ ಕಳ್ಳರು ಅಂತ ನೀವ ತಿಂಗಳಾ ಮೆಸೇಜ್ ಕಳಸ್ತೀರಿ. ಈಗ ಓ.ಟಿ.ಪಿ. ಕೇಳ್ತಿ ಹೌದಲ್ಲೋ?"

ಇಟ್ಟೇಬಿಟ್ಟ. ಆ ಮೆಸೇಜು ಬರೆದವಳು ನಾನೇ. ಮತ್ತೆ ಹಚ್ಚಿದೆ. "ಏನೂ ಕೇಳೂದಿಲ್ರಿ ಯಪ್ಪಾ. ನಿಮ್ಮ ಮಗನ ಹಣಿ ಮುಟ್ಟಿ ನೋಡ್ರಿ, ಅಷ್ಟಾ. ನನ್ನ ಮಾತು ನಂಬಬ್ಯಾಡ್ರಿ, ಸ್ಕ್ರೀನೂ ನಂಬಬ್ಯಾಡ್ರಿ. ಹಣಿ ಮುಟ್ರಿ."

ಆಮೇಲೆ ಒಳಗೆ ಕೂಗಿದ್ದು ಕೇಳಿಸಿತು, "ಏ ಇವನ... ಸಕ್ರಿ ತಗೊಂಬಾ, ಸಕ್ರಿ!"

ಹೀಗೇ ಒಂದೊಂದು. ಒಬ್ಬ ತಾಯಿ ಕೇಳಿದ ಕೂಡಲೇ ಕಿತ್ತಳು, ಒಂದು ಪ್ರಶ್ನೆಯೂ ಇಲ್ಲ. ಇನ್ನೊಬ್ಬಳು, "ಸೂಜಿ ಎಲ್ಲಿ ತರಲ್ರಿ? ಆರು ವರ್ಷದ ಹಿಂದನ ಹೊಳ್ಯಾಗ ಬಿಟ್ಟೇವಿ, ತೆಂಗಿನಕಾಯಿ ಒಡದು," ಎಂದು ಅಳತೊಡಗಿದಳು. ಮೂರು ಮಕ್ಕಳಿಗೆ ಆಗಲೇ ಸಕ್ಕರೆ ಇಳಿದಿತ್ತು. ಇಬ್ಬರಿಗೆ ಬೆಳಗಿನಿಂದ ಇನ್ಸುಲಿನ್ನೇ ಹೋಗದೆ ಮುನ್ನೂರು ದಾಟಿತ್ತು. ಸೋಮವಾರ ಅವರು ಏನೂ ತಿಂದಿರಲಿಲ್ಲ, ಉಪವಾಸವಂತೆ.

ಲಕ್ಕುಂಡಿಯ ಒಂದು ಮನೆ ಎತ್ತಲಿಲ್ಲ. ಮೂರು ಸಲ ಹಚ್ಚಿದೆ. ಹುಡುಗಿ ಶಾಲೆಯಲ್ಲಿರಬಹುದು, ತಂದೆತಾಯಿ ಹೊಲದಲ್ಲಿ. ಶಾಲೆಯ ನಂಬರು ಹುಡುಕಿ ಹೆಡ್‌ಮಾಸ್ತರಿಗೆ ಹಚ್ಚಿದೆ. ಅವರು ಫೋನು ಕೈಯಲ್ಲಿ ಹಿಡಿದೇ ಎಂಟನೇ ಇಯತ್ತೆಗೆ ಓಡಿದ ಹೆಜ್ಜೆ ಸದ್ದು ಕೇಳಿಸುತ್ತಿತ್ತು. "ಬೆಂಚಿನ ಮ್ಯಾಲ ತಲಿ ಇಟ್ಟ ಮಲಗ್ಯಾಳ್ರಿ. ನಿದ್ದಿ ಹೊಡಿಯಾಕತ್ತಾಳಂತ ಮಾಸ್ತರು ಮೂಲ್ಯಾಗ ಕುಂಡ್ರಿಸ್ಯಾರ." ಬಿಸಿಯೂಟದ ಕೋಣೆಯಿಂದ ಸಕ್ಕರೆ ತಂದರು. ಆರು ನಿಮಿಷಕ್ಕೆ ಆ ಹುಡುಗಿ "ಸಾರಿ ಸರ್" ಅಂದದ್ದು ನನಗೇ ಕೇಳಿಸಿತು.

ಐದು ಗಂಟೆಗೆ ಅರವತ್ತಮೂರೂ ಮುಗಿದವು. ಯಾರೂ ಸಾಯಲಿಲ್ಲ. ಮೇಡಂ ಆಂಬ್ಯುಲೆನ್ಸುಗಳಲ್ಲಿ ಊರೂರಿಗೆ ಸೂಜಿ ಕಳಿಸುತ್ತಿದ್ದರು. ನದಾಫ್ ಖುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದ.

"ಅಕ್ಕಾ, ನಿಮ್ಮ ಕಂಪ್ಯೂಟರ್ ಪೂರಾ ಒರಸಬೇಕು. ಎಲ್ಲಾರದೂ."

"ಕಲಿಕಿ ಫೈಲ್?"

"ಉಣ್ಣಿ ಅದಕ್ಕ ಹತ್ತೇತಲ್ರಿ. ಉಳಸಾಕ ಬರಂಗಿಲ್ಲ. ಒರಸಿ ಹೊಸದಾಗಿ ಕಲಸಬೇಕು. ಐದಾರ ತಿಂಗಳಾ ಹಿಡಿತೈತಿ." ಏಳುತ್ತ ಸೇರಿಸಿದ, "ಅಲ್ಲಿತನಾ ದಿನಾ ನಾಕು."

ನಾಲ್ಕು ಏನೆಂದು ನನಗೆ ಹೇಳುವುದು ಬೇಕಿರಲಿಲ್ಲ.

*

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅತ್ತೆ ಹೊಸ್ತಿಲ ಮೇಲೇ ಕೂತಿದ್ದರು, ಕೈಯಲ್ಲಿ ಲಗ್ನಪತ್ರ. ಕುಂಕುಮ ಹಚ್ಚಿದ್ದನ್ನು ಹರಿಯಲೂ ಧೈರ್ಯವಿಲ್ಲ, ಒಳಗಿಡಲೂ ಮನಸ್ಸಿಲ್ಲ.

"ಈರಣ್ಣಗ ಫೋನ್ ಮಾಡಿದ್ದೆ," ಅಂದರು. "ಅವನ ಮಗಳಿಗೆ ಇನ್ನಾ ವರಾನ ಗೊತ್ತಾಗಿಲ್ಲಂತ. ನನ್ನಿಂದ ಆತಲ್ಲ ಇದೆಲ್ಲಾ."

"ಹೆಬ್ಬೆಟ್ಟು ನಂದು ಅತ್ತಿ. ಈಗೆಷ್ಟೈತಿ?"

"ಮುನ್ನೂರಾ ಹನ್ನೆರಡು. ಏರಾಕತ್ತೇತಿ. ಎರಡ ಸಲಾ ವಾಂತಿ ಮಾಡ್ಕೊಂಡ್ಲು."

ಬಿಲ್ಲೆ ಕಿತ್ತು ನಾಲ್ಕೂವರೆ ತಾಸು. ಜ್ವರದ ಮೈ, ಮೇಲೆ ಬೆಲ್ಲ, ಇನ್ಸುಲಿನ್ ಒಂದು ಹನಿಯೂ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ರಕ್ತ ಹುಳಿಯೇರತೊಡಗುತ್ತದೆ, ಆಮೇಲೆ ಆಸ್ಪತ್ರೆಯೇ.

ಕಂಪ್ಯೂಟರಿನ ಪರದೆ ಇನ್ನೂ ಹಸಿರಾಗಿತ್ತು. ಸೋಮವಾರದ ಸಂಜೆ ಸಾಗಿತ್ತು ಅದರೊಳಗೆ. ನೂರಾ ನಾಲ್ಕು, ನೂರಾ ಎರಡು. ಆರರಿಂದ ಹನ್ನೆರಡರವರೆಗಿನ ತೇಜು ಅದರೊಳಗಿದ್ದಳು, ಅವಳ ಎಲ್ಲ ಹೋಳಿಗೆ, ಎಲ್ಲ ಜ್ವರ, ಎಲ್ಲ ಪರೀಕ್ಷೆ. ಪ್ಲಗ್ಗು ಕಿತ್ತೆ. ಪರದೆ ಕಪ್ಪಾಯಿತು.

ಫ್ರಿಜ್ಜಿನ ಬಾಗಿಲು ತೆರೆದೆ. ಹಿಂದುಗಡೆ, ಉಪ್ಪಿನಕಾಯಿ ಬಾಟಲಿಯ ಮರೆಯಲ್ಲಿ, ಒಂದು ನೀಲಿ ಡಬ್ಬಿ, ಒಳಗೆ ಇನ್ಸುಲಿನ್ನು, ಸೂಜಿ. ತೆಗೆದು ತಿರುಗುವಷ್ಟರಲ್ಲಿ ಹಾಸಿಗೆ ಖಾಲಿಯಿತ್ತು.

ಕುಣಿಯೊಳಗೆ ಕೌದಿ ಅಲುಗುತ್ತಿತ್ತು. ಹನ್ನೆರಡು ವರ್ಷದ ಮೊಣಕಾಲುಗಳು ಈಗ ಅದರಲ್ಲಿ ಹಿಡಿಸುತ್ತಿರಲಿಲ್ಲ, ಹೊರಗೆ ಚಾಚಿದ್ದವು. ಅಂಚಿನ ಮೇಲೆ ಕೂತು ನಾನೂ ಕಾಲು ಇಳಿಬಿಟ್ಟೆ.

"ತೇಜು."

"ನೀ ಹೇಳಿದ್ದಿ," ಅಂದಿತು ಕೌದಿ.

"ಹೇಳಿದ್ದೆ."

ಕೌದಿ ಸರಿಯಿತು. ಮುಖ ಕೆಂಪಾಗಿತ್ತು, ತುಟಿ ಒಣಗಿದ್ದವು. ಅವಳು ನನ್ನನ್ನಲ್ಲ, ಡಬ್ಬಿಯನ್ನು ನೋಡುತ್ತಿದ್ದಳು. "ಅದೆಲ್ಲಿಂದ ಬಂತು? ಎಲ್ಲಾ ದವಾಖಾನಿ ಕೆಂಪ ಬುಟ್ಟ್ಯಾಗ ಒಗದಿದ್ವಿ. ನನ್ನ ಕೈಲೆ ಒಗಿಸಿದ್ದಿ ನೀ. ನಾನ ಎಣಿಸಿದ್ದೆ."

"ಒಂದ್ ಡಬ್ಬಿ ಇಟ್ಟಿದ್ದೆ. ವರ್ಷಾ ವರ್ಷಾ ಹೊಸಾದು ತಂದ ಇಡತಿದ್ದೆ."

"ಅಂದ್ರ ಮಾತ ಕೊಡಬೇಕಾದ್ರನ ಇತ್ತು?"

"ಇತ್ತು."

ಪಡಸಾಲೆಯ ಬಾಗಿಲಲ್ಲಿ ಅತ್ತೆ ಬಂದು ನಿಂತದ್ದು ನೋಡಿ ತೇಜು, "ಆಯಿ ನನ್ನ ಹಿಡಿಯೂದು ಬ್ಯಾಡ," ಅಂದಳು. ಅತ್ತೆ ಹಿಂದೆ ಸರಿದರು.

"ಕೊಡಿಲ್ಲಿ," ತೇಜು ಕೈ ಚಾಚಿದಳು. "ನಾನ ಚುಚ್ಚಿಕೋತೀನಿ. ಹಂಗಾದ್ರ ನೀ ಚುಚ್ಚಿದಂಗ ಆಗೂದಿಲ್ಲ. ನಿನ್ನ ಮಾತ ಉಳೀತೈತಿ."

ಅವಳ ಕೈ ನಡುಗುತ್ತಿತ್ತು, ಬೆರಳುಗಳು ಮೀಟರಿನ ಚುಚ್ಚುಗಳಿಂದ ಚುಕ್ಕಿಚುಕ್ಕಿಯಾಗಿದ್ದವು. ಆ ಕೈಯಲ್ಲಿ ಅಳತೆ ಒಂದು ಗೆರೆ ಹೆಚ್ಚಾದರೆ ಮತ್ತೆ ಮಧ್ಯಾಹ್ನದ ನಲವತ್ತಾರು. ಒಂದು ಕ್ಷಣ, ಕೊಟ್ಟುಬಿಡೋಣ ಅನ್ನಿಸಿತು. ನಿಜವಾಗಿ ಅನ್ನಿಸಿತು.

"ಬ್ಯಾಡ," ಅಂದೆ. "ನಿನಗ ಕಲಸ್ತೀನಿ, ಆರಾಮಾದ ಮ್ಯಾಲ. ಇದು ನನ್ನ ಕೆಲಸ."

ಅವಳು ಅಂಗಿಯ ಅಂಚನ್ನು ತಾನೇ ಎತ್ತಿದಳು. ಹೊಟ್ಟೆಯ ಮೇಲೆ ಬಿಲ್ಲೆ ಇದ್ದಲ್ಲಿ ಒಂದು ಬಿಳಿಯ ವೃತ್ತ, ಆರು ವರ್ಷ ಗಾಳಿ ಕಾಣದ ಚರ್ಮ. ಈ ಸಲ ಅವಳು ಮುಖ ತಿರುಗಿಸಲಿಲ್ಲ, ನನ್ನ ಕಣ್ಣನ್ನೇ ನೋಡುತ್ತ ಕೂತಳು.

ಆರು ಗಂಟೆ ಹತ್ತು ನಿಮಿಷಕ್ಕೆ ನಾನು ತೇಜುಗೆ ಸೂಜಿ ಚುಚ್ಚಿದೆ. ಕೊಟ್ಟ ಮಾತು ಮುರಿಯಿತು.